ಟೂ ಬೈ ತ್ರೀ

ಇನ್ನು ಒಂಬತ್ತು ದಿನ.
ಏಕಾದಶಿಗೂ ಅಮಾವಾಸ್ಯೆಗೂ ನಡುವೆ
ನಾನೇ ಸುತ್ತು ಹಾಕಿದ ಸೋಮವಾರ
ಅಡುಗೆಮನೆ ಮೊಳೆಯಿಂದ ನನ್ನನ್ನೇ ನೋಡುತ್ತದೆ.
ಫ್ರೀಜರಿನಲ್ಲಿ ಹಾಲು, ಪುಟ್ಟ ಡಬ್ಬಿಗಳಲ್ಲಿ;
ಮೇಲೆ ತಾರೀಖು, ಕರೆಂಟು ಬಿಲ್ಲಿಗೆ ಸೀಲೊತ್ತುವವಳ
ದುಂಡು ಅಕ್ಷರ.
ಆಫೀಸಿನ ಬ್ಲೌಸುಗಳನ್ನು ಬಿಚ್ಚಿಸಲು ಕೊಟ್ಟಿದ್ದೇನೆ.
‘ಎಷ್ಟು ಬಿಡ್ಲಿ ಮೇಡಂ?’ ಎಂದ ಟೈಲರ್.
ಒಳಗೆ ಬಟ್ಟೆ ಇದ್ದಷ್ಟೂ ಬಿಡಪ್ಪ, ಎಂದೆ.

ಎಲ್ಲರೂ ಕೇಳುತ್ತಾರೆ, ಮಗೂನ ಹೇಗೆ ಬಿಟ್ಟು ಹೋಗ್ತೀಯಾ ಅಂತ.
ಮಗು ಬಂದ ಮೇಲೆ ಯಾರ್‍ಯಾರನ್ನು ಬಿಟ್ಟೆ
ಅಂತ ಕೇಳಿದವರಿಲ್ಲ.

ದಮಯಂತಿಯ ಅಪ್ಪ ಹೋದದ್ದು ನನ್ನ ಐವತ್ತೆರಡನೇ ದಿನ.
(ಆಗ ದಿನಗಳನ್ನು ಹೆರಿಗೆಯಿಂದ ಎಣಿಸುತ್ತಿದ್ದೆ,
ಈಗ ಉಲ್ಟಾ.)
ಹಸಿ ಬಾಣಂತಿ ಸಾವಿನ ಮನೆ ಮೆಟ್ಟಬಾರದು.
ಅಮ್ಮ ಬಾಗಿಲಿಗೇನೂ ಅಡ್ಡ ನಿಲ್ಲಲಿಲ್ಲ,
ಸುಮ್ಮನೆ ನನ್ನ ಕಿವಿಯ ಹತ್ತಿಯನ್ನು
ಇನ್ನಷ್ಟು ಒಳಗೆ ಒತ್ತಿದಳು.
ನಾನೂ, ನಿಜ ಹೇಳಬೇಕೆಂದರೆ,
ಹೊರಡುವವಳ ಹಾಗೆ ಎದ್ದಿರಲೇ ಇಲ್ಲ.
ಸಾಂಬ್ರಾಣಿ ಹೊಗೆಯಲ್ಲಿ ಕೂತು ಫೋನು ಮಾಡಿದೆ.
‘ಅಪ್ಪ ಬೆಳಿಗ್ಗೆ ಪೇಪರ್ ಓದ್ತಾ ಕೂತಿದ್ರು...’
ಅನ್ನುವಷ್ಟರಲ್ಲಿ ಇವಳು ಕಿರುಚಿದಳು.
‘ಹೋಗು, ನೋಡು ಅವಳನ್ನ.’
ಹೋದೆ.
ಅವಳಪ್ಪ ನನ್ನ ಪಾಲಿಗೆ ಇನ್ನೂ
ಆ ಪೇಪರು ಓದುತ್ತಲೇ ಇದ್ದಾರೆ.

ರೆಹಾನಾ ಎರಡು ಸಲ ಬಂದಿದ್ದಳು.
ಮೊದಲ ಸಲ ಅವಳ ನಗುವಿಗೆ ಮಗು ಎದ್ದೀತೆಂದು
ಶ್ ಎಂದೆ.
ಎರಡನೇ ಸಲ ಗೇಟಿನಿಂದಲೇ
ನಗುವನ್ನು ಮಡಚಿಕೊಂಡು ಬಂದಳು.

ರಾತ್ರಿ ಮೂರೂ ಹತ್ತು. ಎಡಗೈ ಹೆಬ್ಬೆಟ್ಟಿನಲ್ಲಿ
‘ದಮ್ಮೀ, ಎದ್ದಿದ್ದೀಯಾ?’ ಅಂತ ಬರೆದು ಅಳಿಸಿದ್ದು
ಎಷ್ಟು ಸಲವೋ. ಯಶವಂತಪುರದ ಕಡೆ
ಗೂಡ್ಸ್ ಗಾಡಿ ಮುಗಿಯದೆ ಮುಗಿಯದೆ ಹಾಯುತ್ತಿತ್ತು.
ಎದ್ದಿದ್ದರೆ ಏನು ಹೇಳುತ್ತಿದ್ದೆ?
ಇವಳು ತೇಗಿದಳು, ಅಂತಲೇ?

ಇವತ್ತು ಶನಿವಾರ. ಎದೆಗೆ ಮಗು ಕಟ್ಟಿಕೊಂಡು
ಆಟೋದಲ್ಲಿ ಮಲ್ಲೇಶ್ವರಕ್ಕೆ.
ಸಂಪಿಗೆ ರಸ್ತೆಯ ಪ್ರತಿ ಹಂಪಿಗೂ ಡ್ರೈವರ್ ನಿಧಾನಿಸಿದ,
ಕನ್ನಡಿಯಲ್ಲಿ ಇವಳ ತಲೆ ನೋಡಿಕೊಂಡು.
ನಮ್ಮ ದರ್ಶಿನಿ. ನಿಂತು ಕುಡಿಯುವ ಅದೇ ಸ್ಟೀಲ್ ಟೇಬಲ್ಲು.
ಟ್ರೈನಿಂಗ್ ದಿನಗಳಲ್ಲಿ ಮೂರು ಕಾಫಿಗೆ ಕಾಸಿಲ್ಲದೆ
ಕಲಿತ ಲೆಕ್ಕ, ಈಗಲೂ ಅದನ್ನೇ ಕೂಗಿದಳು ರೆಹಾನಾ:
‘ಟೂ ಬೈ ತ್ರೀ!’

ದಮಯಂತಿ ತಡವಾಗಿ ಬಂದಳು.
ಮಾತಿಲ್ಲ. ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಳು,
ಬಸ್ಸಿನಲ್ಲಿ ನಿಂತವರ ಬ್ಯಾಗು ತೆಗೆದುಕೊಳ್ಳುವ ಹಾಗೆ.
ಅವಳ ಮಣಿಕಟ್ಟಿಗೆ ದೊಗಳೆ ಗಂಡಸರ ವಾಚು.
ಇವಳು ಅದನ್ನು ನೇರ ಬಾಯಿಗಿಟ್ಟಳು.
ಒರೆಸಲು ಬಟ್ಟೆ ಹುಡುಕಿದೆ.
‘ಬಿಡೇ. ಅಪ್ಪಂದು.’

ಹಾಲಿನ ಕೆನೆ ಸುಕ್ಕುಗಟ್ಟುವಷ್ಟು ಹೊತ್ತು.
ಆಮೇಲೆ ಕೇಳಿದೆ:
‘ಪೇಪರಲ್ಲಿ ಏನು ಓದ್ತಿದ್ರು?’

ಅವಳು ನನ್ನನ್ನು ನೋಡಿದಳು.
‘ಚಿನ್ನದ ರೇಟು,’ ಎಂದಳು,
‘ನನ್ನ ಮದುವೆಗೆ ಅಂತ, ಹನ್ನೆರಡು ವರ್ಷದಿಂದ.
ಒಂದು ಗ್ರಾಮೂ ಕೊಂಡೋರಲ್ಲ.’
ರೆಹಾನಾ ನಕ್ಕುಬಿಟ್ಟಳು, ಹಳೆಯ ನಗು, ಇಡೀ ನಗು,
ಪಕ್ಕದ ಟೇಬಲ್ಲಿನವರ ಇಡ್ಲಿ ನಿಂತಿತು.
ಮಗು ಬೆಚ್ಚಿತು. ಅಳಲಿಲ್ಲ.
ದಮಯಂತಿಯೇ ಅತ್ತಳು, ನಗುತ್ತ,
ವಾಚಿನ ಜೊಲ್ಲನ್ನು ನನ್ನ ದುಪಟ್ಟಾಕ್ಕೆ ಒರೆಸುತ್ತ:
‘ನಂಗೆ ಇನ್ನೂ ಸಿಟ್ಟಿದೆ, ಗೊತ್ತಿರ್‍ಲಿ.’
ಗೊತ್ತಿದೆ ಎಂದೆ.

ಎರಡು ಕಾಫಿ, ಮೂರು ಲೋಟ. ರೆಹಾನಾಳ ಕೈ ಎಂದೂ ಸಮ ಹಾಕಿದ್ದಲ್ಲ.
ನನಗೆ ಬಂದದ್ದು ನೊರೆಯೇ ಜಾಸ್ತಿ.

‘ಮುಂದಿನ ಶನಿವಾರ?’
ನೋಡ್ತೀನಿ ಅನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಕುರ್ತಾದ ಮುಂದೆ ಹಾಲು ಒದ್ದೆಯಾಗಿ ಹಬ್ಬಿತು,
ಇಬ್ಬರೂ ಎದ್ದು ಅಡ್ಡ ನಿಂತರು,
ರಸ್ತೆಗೆ ಬೆನ್ನು ಮಾಡಿ,
ಒಬ್ಬಳು ಇನ್ನೂ ಸಿಟ್ಟಿನಲ್ಲೇ.