ಮಾರಿದ ಮಾಲು

ಹಳೇಬೀಡಿಗೆ ಹೊರಟವಳು ಚಿಕ್ಕಮಗಳೂರಿನಲ್ಲಿ ಇಳಿದದ್ದು
ಕಾರು ಕೆಟ್ಟಿದ್ದಕ್ಕೆ.
ಡ್ರೈವರು ಗೇರ್‌ಬಾಕ್ಸ್ ಹುಡುಕುತ್ತ ಉಪ್ಪಳ್ಳಿ ಕಡೆಯ
ದಸ್ತಗೀರ್ ಸಾಬರ ಗುಜರಿಗೆ ಬಂದ. ಹಿಂದೆಯೇ ಈಕೆ.
ಗೇರ್‌ಬಾಕ್ಸ್ ಸಿಕ್ಕಿತು, ಕಾರು ಹೊರಟು ನಿಂತಿತು.
ಈಕೆ ಹೊರಡಲಿಲ್ಲ.

ಲೆನೋರಾ ಹ್ಯಾಕೆಟ್. ಊರು ಒಹಾಯೋ.
ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ಕಾಯುತ್ತಿದ್ದನಂತೆ.
ನನ್ನ ಏಳನೇ ಕ್ಲಾಸಿನ ಇಂಗ್ಲಿಷಿಗೆ ಅಷ್ಟು ದಕ್ಕಿತು.
ಆಗ ನನಗೆ ಹತ್ತೊಂಬತ್ತು. ಗುಜರಿಯ ಗೋಡೆಗೇ ಆತುಕೊಂಡು
ನಮ್ಮ ವೆಲ್ಡಿಂಗ್ ಶೆಡ್ಡು; ಬೋರ್ಡಿನಲ್ಲಿ ‘ಲೋಬೊ’ ಎಂದಷ್ಟೇ.

ಚೀಲದಿಂದ ಫೋಟೋ ತೆಗೆದು ತಕ್ಕಡಿಯ ಹಲಗೆಯ ಮೇಲೆ ಹರವಿದಳು.
ಇವನು ಅವಳ ಗುರು, ರೈಲುಹಳಿ ಬಗ್ಗಿಸಿ ಹಕ್ಕಿ ಅನ್ನುತ್ತಿದ್ದ ಮುದುಕ;
ಮೂರು ಮದುವೆ, ಒಂದೂ ನಿಲ್ಲಲಿಲ್ಲ, ಹಳಿಗಳು ನಿಂತಿವೆ.
ಇವಳು ಗೆಳತಿ, ನಲವತ್ತು ವರ್ಷ ಒಂದೇ ಕಿಟಕಿ ಬರೆದವಳು,
ವರ್ಷಕ್ಕಿಷ್ಟು ನೀಲಿ ಕಡಿಮೆ ಮಾಡುತ್ತ.
ಇದು ಗಂಡ ತೆಗೆದದ್ದು: ಗೋಧಿಯ ಕಣಜ, ಇನ್ನೊಂದು ಕಣಜ, ಮತ್ತೊಂದು.
ಮನುಷ್ಯರು ಅಡ್ಡ ಬಂದರೆ ಕ್ಯಾಮೆರಾ ಇಳಿಸಿ ಕಾಯುತ್ತಿದ್ದನಂತೆ,
ಅವರು ಹೋಗುವ ತನಕ.
ನೀನು ಅಡ್ಡ ಬಂದಾಗ? ಕೇಳಬೇಕೆನಿಸಿತು.
ಇಂಗ್ಲಿಷ್ ಬರಲಿಲ್ಲ.

ಸಾಬರು ಕನ್ನಡಕ ಏರಿಸಿ, ಹಳಿಯ ಹಕ್ಕಿಯ ಮೇಲೆ ಬೆರಳಿಟ್ಟು
‘ಒಂದೂವರೆ ಟನ್ನು’ ಎಂದರು.
ಅವಳು ಹೊಟ್ಟೆ ಹಿಡಿದು ನಕ್ಕಳು. ಲೆಕ್ಕ ಸರಿಯಿತ್ತು.

ಮಾರನೇ ದಿನದಿಂದ ಆಯತೊಡಗಿದಳು.
ಜೀಪಿನ ಮಡ್‌ಗಾರ್ಡು, ಬಾವಿಯ ರಾಟೆ, ಕಾಫಿ ಜರಡಿ,
ಗುಬುಟು ಗುಬುಟಿನ ಪಲ್ಪರ್ ತಗಡು. ಒಂದೊಂದನ್ನೂ
ಕೂಸಿನ ಹಾಗೆ ಎತ್ತಿ, ಅಲುಗಿಸಿ, ಕೆಳಗಿಟ್ಟು, ಮತ್ತೆ ಎತ್ತಿ.
ತಾಮ್ರ ಕಬ್ಬಿಣಕ್ಕೆ ಬೆಸೆಯದು ಅಂದೆ.
ಹಾಗಾದರೆ ಮೊಳೆ ಹೊಡೆ ಅಂದಳು, ಬೆಸೆಯದು ಅಂತ ಕಾಣಲಿ.

ಅಪ್ಪ ನನಗೆ ಕಲಿಸಿದ್ದು ಒಂದೇ:
ಬೆಸುಗೆ ಕಂಡರೆ ಮರ್ಯಾದೆ ಹೋಯಿತು.
ಅರ ಹಿಡಿದು ಉಜ್ಜಲು ಹೊರಟೆ. ಕೈ ಹಿಡಿದಳು.
ಎರಡು ಕಬ್ಬಿಣ ಒಂದಾದ ಜಾಗ,
ಆ ಉಬ್ಬು, ಆ ಗಂಟು, ಇರುವೆ ಸಾಲಿನಂಥ ಆ ಗೆರೆ...
ಅದನ್ನೇಕೆ ನಾಚಿಸುತ್ತೀ? ಎಂದಳೋ ಏನೋ.
ನನಗೆ ಕೇಳಿಸಿದ್ದು ಹಾಗೆ.

ಭಾನುವಾರ ಪೂಜೆ ಮುಗಿಸಿ ಬೇಲೂರಿನ ಬಸ್ಸು ಹತ್ತಿದೆವು.
ಮದನಿಕೆಯ ಮುಖ ನೋಡಲಿಲ್ಲ ಈ ಪುಣ್ಯಾತ್ಗಿತ್ತಿ.
ಕೆಳಗಿನ ಶಿಲ್ಪದ ಪೀಠಕ್ಕೆ ಬಗ್ಗಿ, ಕಲ್ಲುಕುಟಿಗ ಕೊರೆದುಕೊಂಡ ಹೆಸರಿನ ಮೇಲೆ
ಬೆರಳಾಡಿಸಿದಳು, ಓದಲು ಬಾರದ ಅಕ್ಷರಗಳ ಮೇಲೆ, ಎರಡು ಸಲ.
ವಾಪಸು ಬಂದವಳೇ
ವೆಲ್ಡಿಂಗ್ ಕಡ್ಡಿ ನನ್ನ ಕೈಗಿಟ್ಟು, ಹೆಸರು ಬರಿ ಅಂದಳು.
ನನ್ನದಾ?
ನಿನ್ನದೇ.
ಬರೆಯತೊಡಗಿದೆ, ಕಿಡಿ ಹಾರಿಸುತ್ತ.
ಮೊದಲ ಅಕ್ಷರ ಮುಗಿಯುತ್ತಲೇ ಕರೆಂಟು ಹೋಯಿತು.
ಆ ರಾತ್ರಿ ಬರಲಿಲ್ಲ. ಬೆಳಿಗ್ಗೆ ಅವಳ ಬಸ್ಸು.

ಸಾಬರು ತೂಗಿದರು: ಎಂಬತ್ತನಾಲ್ಕು ಕಿಲೋ,
ಒಂದು ರೂಪಾಯಿ ಹತ್ತು ಪೈಸೆಯಂತೆ ತೊಂಬತ್ತೆರಡು ನಲವತ್ತು.
ತಾಮ್ರಕ್ಕೆ ಬೇರೆ. ಮಜೂರಿ ಲೋಬೊನ ಕೈಗೆ.
ಎಣಿಸಿ ಕೊಟ್ಟಳು. ಹಡಗಿಗೆ ಹೇಳಿ ಕಳಿಸುತ್ತೇನೆ ಅಂದಳು.
ಎರಡು ಕಾರ್ಡು ಬಂದವು. ಹಡಗು ಬರಲಿಲ್ಲ.

ಸಾಬರಿಗೆ ಅದು ಒಂದು ದಿನವೂ ಹಿಡಿಸಿದ್ದಿಲ್ಲ.
‘ಕೋಳಿಯೂ ಅಲ್ಲ, ಕುರ್ಚಿಯೂ ಅಲ್ಲ’ ಎಂದು ಬೈದುಕೊಂಡೇ
ಮಳೆಗಾಲಕ್ಕೆ ಮೊದಲು ಟಾರ್ಪಾಲು ಹೊದಿಸುತ್ತಿದ್ದರು.
ಭದ್ರಾವತಿಯ ಲಾರಿ ಬಂದು ಕಬ್ಬಿಣ ಮೂರುಪಟ್ಟು ಏರಿದಾಗ
ಮಗ ಕೇಳಿದ, ಮೊಮ್ಮಗ ಕೇಳಿದ.
‘ಅದು ಮಾರಿದ ಮಾಲು.
ಮಾರಿದ್ದನ್ನು ಮತ್ತೆ ಮಾರೋದು ಹೇಗೆ?’

ಸಾಬರು ಹೋದರು. ಅದು ಇದೆ, ಗೇಟಿನ ಪಕ್ಕ.
ನಾನೀಗ ಮಾಡುವ ಪ್ರತಿ ಕಿಟಕಿಯ ಸರಳಿನಲ್ಲೂ
ಒಂದು ಬೆಸುಗೆ ಉಜ್ಜದೆ ಬಿಡುತ್ತೇನೆ. ಗಿರಾಕಿಗಳು ದುಡ್ಡು ಮುರಿದುಕೊಳ್ಳುತ್ತಾರೆ.
ಸಂಜೆ ಸ್ಕೂಲು ಬಿಟ್ಟ ಹುಡುಗರು
ತುಕ್ಕಿನಲ್ಲಿ ಉಬ್ಬಿನಿಂತ ಆ ಒಂದಕ್ಷರವನ್ನು
ಗಟ್ಟಿಯಾಗಿ ಓದಿ ಓಡುತ್ತಾರೆ:
ಲೋ!

ಮುಖಕ್ಕೆ ಹಿಡಿದ ಕಪ್ಪುಗಾಜು ಇಳಿಸಿ
ತಿರುಗಿ ನೋಡುತ್ತೇನೆ, ಪ್ರತಿ ಸಲ.