ಗುಂಡಿ

ಗುತ್ತಲು ರಸ್ತೆಯಲ್ಲಿ ಇಲಿಯಾಸಣ್ಣನ ಅಂಗಡಿ:
ಮುಂದೆ ಸೈಕಲ್ ಪಂಕ್ಚರ್, ಹಿಂದೆ ಗೋಣಿಪರದೆ,
ಪರದೆಯಾಚೆ ಒಂದು ಟೀವಿ.
ರೂಪಾಯಿಗೆ ಹತ್ತು ನಿಮಿಷ.

ಟೀವಿಯೊಳಗೆ ಲಾಟೀನು ಹಿಡಿದ ಗಿಡ್ಡನೊಬ್ಬ
ಎಡದಿಂದ ಬಲಕ್ಕೆ ಓಡುತ್ತಿದ್ದ.
ಡಬ್ಬಿಯ ಮೇಲೆ ಅವನಿಗೇನೋ ಇಂಗ್ಲಿಷ್ ಹೆಸರಿತ್ತು,
ನಮಗವನು ಲಾಟೀನಯ್ಯ.
ಹಿಂದಿರುಗಿದರೆ ಅಲ್ಲೊಂದು ಕಾಣದ ಗೋಡೆ;
ಬಂದ ದಾರಿ ಆಗಲೇ ಅಳಿಸಿಹೋಗಿರುತ್ತಿತ್ತು,
ಬಂದೇ ಇರಲಿಲ್ಲವೇನೋ ಎಂಬಂತೆ.

ಆಡುವವರು ಅಣ್ಣ ಜವರ, ಅವನ ಜೊತೆಗಾರ ಬೋರಲಿಂಗು.
ನನಗೆ ಯಾರೂ ಬೇಡವೆನ್ನಲಿಲ್ಲ,
ತಗೋ ಎಂದೂ ಅನ್ನಲಿಲ್ಲ.
ಚಪ್ಪಲಿ ಕಾಯುವುದು, ಜೊತೆಗೆ ಕೂಗುವುದು ನನ್ನ ಪಾಲು:
‘ಗುಂಡಿ ಬಂತು!’

ನಮ್ಮಲ್ಲಿ ಒತ್ತುವುದೂ ಗುಂಡಿ, ಬೀಳುವುದೂ ಗುಂಡಿ.
ಒತ್ತುವುದು ಅವರ ಬೆರಳಿಗೆ,
ಬೀಳುವುದು ನನ್ನ ಬಾಯಿಗೆ.

ರಾತ್ರಿ ರೊಟ್ಟಿ ತಟ್ಟುವಾಗಲೂ ಲೆಕ್ಕ ತಪ್ಪುತ್ತಿರಲಿಲ್ಲ:
ಮೂರನೇ ಸುತ್ತು, ಎರಡು ಕಂಬ, ಒಂದು ಬಾವಲಿ,
ಆಮೇಲೆ ಗುಂಡಿ. ಅದರಾಚೆ ಇನ್ನೊಂದು, ಸಣ್ಣದು,
ದೊಡ್ಡದನ್ನು ದಾಟಿದ ಖುಷಿಗೆ ಬೀಳಲೆಂದೇ ತೋಡಿದ್ದು.

ಏಳನೇ ಸುತ್ತು ಯಾರೂ ನೋಡಿಲ್ಲ.
ಸಕ್ಕರೆ ಕಾರ್ಖಾನೆಯ ಸೈರನ್ ಕೂಗುವ ಹೊತ್ತಿಗೆ
ಕರೆಂಟು ಹೋಗುತ್ತಿತ್ತು.
ಕೈಯಲ್ಲಿ ಲಾಟೀನಿದ್ದೂ ಲಾಟೀನಯ್ಯ ಕತ್ತಲಾಗುತ್ತಿದ್ದ.
ಬಂದರೆ ಮತ್ತೆ ಮೊದಲನೇ ಸುತ್ತು,
ಮತ್ತೆ ರೂಪಾಯಿ.

ಈಗ ನನಗೆ ನಲವತ್ತಮೂರು.
ಮಂಡ್ಯದಿಂದ ಮೈಸೂರಿಗೆ ದಿನಾ ಪ್ಯಾಸೆಂಜರ್,
ಇರ್ವಿನ್ ರಸ್ತೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ.
ಪಕ್ಕದ ಹಳೇ ಸಾಮಾನಿನಂಗಡಿಯ ಗಾಜಿನೊಳಗೆ
ಸೋಪುಪೆಟ್ಟಿಗೆಯಷ್ಟು ಯಂತ್ರ,
ಅದರೊಳಗೆ ಅವನೇ, ಅದೇ ಲಾಟೀನು.
ಸಾವಿರದ ಐನೂರು ಎಂದ. ಹದಿನಾಲ್ಕು ನೂರಕ್ಕೆ ತಂದೆ.
ಜವರನಿಗೆ ಫೋನು ಮಾಡಿದೆ.
‘ಯಾವ ಲಾಟೀನು?’ ಎಂದ.

ಅಂಗೈಗೆ ಬರಲು ಅವನ ಲೋಕವನ್ನು ಕತ್ತರಿಸಿದ್ದಾರೆ.
ಅವನು ಅಷ್ಟೇ ಇದ್ದಾನೆ, ಮುಂದಿನ ದಾರಿ ಕಡಿಮೆಯಾಗಿದೆ:
ಟೀವಿಯಲ್ಲಿ ನಾಲ್ಕು ಮಾರು ಮೊದಲೇ ಕಾಣುತ್ತಿದ್ದದ್ದು
ಇಲ್ಲಿ ಕಾಲಬುಡಕ್ಕೆ ಬಂದ ಮೇಲೆಯೇ.
ಉಳಿದವರು ಬೈದುಕೊಳ್ಳಲಿ.
ಚೌಕಟ್ಟಿನಾಚೆ ಏನಿದೆಯೆಂದು ನನಗೆ ಗೊತ್ತು.

ಗೊತ್ತಿದ್ದೇನು, ಹೆಬ್ಬೆರಳಿಗೆ ಗೊತ್ತಿಲ್ಲವಲ್ಲ.
ಸಿಗದ ನರಕ್ಕೂ ಸೂಜಿ ಹಾಕುವ ಕೈ
ಒಂದು ನೆಗೆತಕ್ಕೆ ನಡುಗುತ್ತದೆ.
ಯಲಿಯೂರಿನಲ್ಲಿ ಸತ್ತೆ. ಬ್ಯಾಡರಹಳ್ಳಿಯಲ್ಲಿ ಎರಡು ಸಲ.
ಕಿಟಕಿಯಾಚೆ ಕಬ್ಬು, ಗದ್ದೆ, ನೀಲಿ ಟಾರ್ಪಾಲಿನ ಆಲೆಮನೆ
ಸರಸರನೆ ಹಿಂದಕ್ಕೆ ಹೋಗಿ ಅಳಿಸಿಹೋಗುತ್ತಿದ್ದವು.

ಶ್ರೀರಂಗಪಟ್ಟಣ ಬಿಟ್ಟು ಸೇತುವೆ, ಕೆಳಗೆ ಹೊಳೆ.
ಮೂರನೇ ಸುತ್ತು. ಎರಡು ಕಂಬ. ಬಾವಲಿ.
ನನಗೇ ತಿಳಿಯದೆ ಗಂಟಲು ಹರಿಯಿತು:
‘ಗುಂಡಿ ಬಂತು!’

ಎದುರಿಗಿದ್ದ ಸೊಪ್ಪಿನ ಕುಕ್ಕೆಯ ಹೆಂಗಸು
ಗಪ್ಪನೆ ಎರಡೂ ಕಾಲು ಮೇಲೆತ್ತಿದಳು.
ಡಬ್ಬಿಯೆಲ್ಲ ನನ್ನತ್ತ ತಿರುಗಿತು.
ಲಾಟೀನಯ್ಯ ಬಿದ್ದಿದ್ದ, ಅದು ಬೇರೆ ಮಾತು.

‘ಎಲ್ಲವ್ವಾ ಗುಂಡಿ?’ ಸೀಟಿನಡಿ ಬಗ್ಗಿ ನೋಡಿದಳು.
ತೋರಿಸಿದೆ.
ಕಾಲಿಳಿಸಿ, ಕುಕ್ಕೆಯನ್ನು ಅತ್ತ ತಳ್ಳಿ,
ನನ್ನ ಪಕ್ಕಕ್ಕೇ ಬಂದು ಕೂತಳು. ಮೈಯೆಲ್ಲ ಮೆಂತ್ಯದ ವಾಸನೆ.
‘ನೀನು ಒತ್ತವ್ವ. ನಾನು ನೋಡ್ಕತೀನಿ.’

ನಾಗನಹಳ್ಳಿ ಬಂತು.
ಆಕೆಗೆ ಬಾವಲಿ ಯಾವುದು, ಕಂಬ ಯಾವುದು, ಒಂದೂ ತಿಳಿಯದು.
ಎಲ್ಲದಕ್ಕೂ ನನ್ನ ಮೊಣಕೈ ತಿವಿದು
‘ಬಂತು, ಬಂತು’ ಅನ್ನುತ್ತಾಳೆ.