ಹೆಚ್ಚೂ ಕಮ್ಮಿ

ಮಂಜಾನಿಯೊ ಬಂದರು ಬಿಟ್ಟು ಹನ್ನೊಂದನೆಯ ದಿನ.
ಮೇಲಿನ ಡೆಕ್ಕಿನಲ್ಲಿ ಮೂವರು.
ಮೂವರಿಗೂ ಒಂದೊಂದು ಕಿರುಪುಸ್ತಕ, ಒಂದೊಂದು ಪೆನ್ಸಿಲು,
ಎಲ್ಲರಿಗೂ ಒಂದೇ ಕಟ್ಟಳೆ:
ಕಂಡದ್ದನ್ನು ಬರೆ, ಬರೆದದ್ದನ್ನು ಹೇಳಬೇಡ.

ಮೊದಲು ಹಕ್ಕಿ. ಬಾನಂಚಿನಲ್ಲಿ
ಯಾರೋ ಕರಿಮೆಣಸು ಎರಚಿದ ಹಾಗೆ.
ಆಮೇಲೆ ನೀರು ಬಣ್ಣ ಕೆಡುತ್ತದೆ,
ಕಾಯಲಿಟ್ಟ ಎಸರಿನಲ್ಲಿ
ಅಲ್ಲೊಂದು ಇಲ್ಲೊಂದು ಗುಳ್ಳೆ,
ನೋಡನೋಡುತ್ತ ಇಡೀ ಪಾತ್ರೆ.

ಎರೆಂದಿರಾಗೆ ಇದು ಮೊದಲ ಯಾನ.
ದೊಡ್ಡ ದುರ್ಬೀನಿಗೆ ಒತ್ತಿ ಒತ್ತಿ
ಕಣ್ಣ ಸುತ್ತ ಎರಡು ಕೆಂಪು ಬಳೆ.
ಒಂದು, ಎರಡು, ಏಳು, ಹದಿನಾಲ್ಕು,
ಹದಿನಾಲ್ಕನೆಯದು ಒಂದನೆಯದೇ ಇರಬಹುದು,
ಮುಳುಗಿ ಮತ್ತೆ ಎದ್ದದ್ದು.
ತಾಯಿಯ ಪಕ್ಕೆಗೆ ಅಂಟಿಕೊಂಡ ಮರಿ
ಒಂದೋ, ಎರಡೋ?
ಬಿಸಿಲು ಚೆಲ್ಲಿದ ಕಡೆ ಎಷ್ಟೋ, ಏನೋ.

"ಒಂದೊಂದಾಗಿ ಎಣಿಸಬೇಡ ಮಗಳೇ,"
ನಿಕಾಂದ್ರೊ ಹೇಳಿಕೊಡುತ್ತಾನೆ,
"ಹತ್ತು ಎಂದರೆ ಎಷ್ಟಗಲ, ಅದನ್ನು ಕಣ್ಣಿಗೆ ಕಲಿಸು.
ಹತ್ತನ್ನು ಎತ್ತಿ ಪಕ್ಕಕ್ಕಿಡು, ಅದರ ಪಕ್ಕಕ್ಕೆ ಇನ್ನೊಂದು,
ಚಾಪೆ ಹಾಸಿದ ಹಾಗೆ.
ನೂರಾಯಿತೋ, ನೂರನ್ನೇ ಎತ್ತಿ ಹಾಸು."
"ನೀರಡಿಯಲ್ಲಿ ಇರುವವು?"
"ಅವನ್ನೂ."
"ಹೇಗೆ?"
ಅವನು ಟೋಪಿ ಸರಿಮಾಡಿಕೊಳ್ಳುತ್ತಾನೆ.

ಸಂಜೆ ಮೂರೂ ಪುಸ್ತಕ ನನ್ನ ಮೇಜಿಗೆ.
ಪ್ರತಿ ಹಿಂಡಿಗೂ ಮೂರು ಮನೆ:
ಕಡಿಮೆಯೆಂದರೆ. ಹೆಚ್ಚೆಂದರೆ. ಆಣೆ ಇಟ್ಟು ಕೇಳಿದರೆ.
ಒಂದೇ ಹಿಂಡು, ಒಂದೇ ಬೆಳಕು, ಅದೇ ಮುಕ್ಕಾಲು ಗಂಟೆ.
ಎರೆಂದಿರಾ ಆಣೆ ಇಟ್ಟದ್ದು ಸಾವಿರದ ಇನ್ನೂರಕ್ಕೆ.
ಫಿಡೆನ್ಸಿಯೊ ಎಂಟುನೂರು, ಎಂದಿನಂತೆ ದುಂಡಗೆ.
ನಿಕಾಂದ್ರೊ ಮುನ್ನೂರ ಎಂಬತ್ತು.

ಹೋದ ವರ್ಷ ಹೆಲಿಕಾಪ್ಟರಿನಿಂದ ತೆಗೆದ ಚಿತ್ರಗಳನ್ನು
ಭೂತಗನ್ನಡಿಯ ಕೆಳಗಿಟ್ಟು
ಒಂದೊಂದು ಬೆನ್ನಿಗೂ ಸೂಜಿಮೊನೆಯಷ್ಟು ಶಾಯಿ ತಾಗಿಸಿ
ನಾನೇ ಎಣಿಸಿದವಳು.
ನಿಕಾಂದ್ರೊ ಪ್ರತಿ ಸಲವೂ ಅರ್ಧ ಹೇಳಿದ್ದ.
ಪ್ರತಿ ಸಲವೂ ಅರ್ಧವೇ ಆದ್ದರಿಂದ ತೊಂದರೆಯಿಲ್ಲ,
ಎರಡರಿಂದ ಗುಣಿಸಿದರೆ ಅವನು ಸರಿ.
ತಪ್ಪಿಗೂ ಒಂದು ನಿಯತ್ತಿದ್ದರೆ ಸಾಕು, ನನ್ನ ಲೆಕ್ಕ ನಡೆಯುತ್ತದೆ.

ಆದರೂ ಕೇಳಿಬಿಟ್ಟೆ, ರಾತ್ರಿ,
ಅಡುಗೆಕೋಣೆಯ ಮೆಟ್ಟಿಲಲ್ಲಿ ಕೂತು
ಅವನು ಕಿತ್ತಳೆ ಸುಲಿಯುತ್ತಿದ್ದಾಗ.

"ಇಪ್ಪತ್ತರ ಹರೆಯದಲ್ಲಿ ಟ್ಯೂನಾ ಹಡಗಿನಲ್ಲಿದ್ದೆ.
ಟ್ಯೂನಾ ಈಜುವುದು ಇವುಗಳ ಹೊಟ್ಟೆಯಡಿ,
ಇವಕ್ಕೆ ಬಲೆ ಸುತ್ತಿದರೆ ಅದು ಸಿಕ್ಕಿತು.
ಬಲೆಯ ಜೊತೆ ಡೆಕ್ಕಿಗೆ ಬಂದು ಬಿದ್ದವನ್ನು
ಕಾಲಲ್ಲಿ ಸರಿಸುತ್ತ ಎಣಿಸುವುದು ನನ್ನ ಪಾಲಿನ ಕೆಲಸ.
ಅಲ್ಲಿ ಹೆಚ್ಚೆಂದರೆ ಇಲ್ಲ, ಕಡಿಮೆಯೆಂದರೆ ಇಲ್ಲ.
ಯಾವುದೂ ಮುಳುಗುವುದಿಲ್ಲ, ಎರಡು ಸಲ ಏಳುವುದಿಲ್ಲ.
ಒಂದು ದಿನ ನೂರ ಹದಿನೇಳು.
ಜೀವಮಾನದಲ್ಲಿ ನಾನು ಸರಿಯಾಗಿ ಎಣಿಸಿದ್ದು ಅವನ್ನಷ್ಟೇ.

ಈಗ ಪೆನ್ಸಿಲು ಹಿಡಿದರೆ, ಏನು ಮಾಡಲಿ,
ಅರ್ಧವನ್ನು ನೀರಲ್ಲೇ ಬಿಟ್ಟುಬಿಡುತ್ತೇನೆ."

ಕಿತ್ತಳೆಯಲ್ಲಿ ನನಗೂ ಪಾಲು ಕೊಟ್ಟ.
ಉಪ್ಪುಗಾಳಿ ತಾಗಿದ ತೊಳೆ.
ಒಳಗೆ ಬಂದು ಮುನ್ನೂರ ಎಂಬತ್ತನ್ನು ಎರಡರಿಂದ ಗುಣಿಸಿದೆ.
ಕಾರಣ ಬರೆಯಲು ಆ ತಖ್ತೆಯಲ್ಲಿ ಮನೆ ಇಲ್ಲ.

ಬೆಳಿಗ್ಗೆ ಎರೆಂದಿರಾ, ಕಾಫಿ ಲೋಟದೊಂದಿಗೆ:
"ನಿಜ ಹೇಳು, ನಿನ್ನೆ ಎಷ್ಟಿದ್ದವು?"
ನಿನ್ನೆ ಮೇಲೆ ಹೆಲಿಕಾಪ್ಟರು ಇರಲಿಲ್ಲ.
"ಹೆಚ್ಚೂ ಕಮ್ಮಿ," ಎಂದೆ, ಮುಂದಕ್ಕೆ ಅಂಕಿ ಹೊರಡಲಿಲ್ಲ,
ಅಷ್ಟರಲ್ಲಿ ಫಿಡೆನ್ಸಿಯೊ ಕೂಗಿದ:
ಎಡಕ್ಕೆ, ಮೂರು ಮೈಲಿ, ಹಕ್ಕಿ!

ಅವಳು ಲೋಟ ಅಲ್ಲೇ ಬಿಟ್ಟು ಓಡಿದಳು.
ಹಡಗು ವಾಲಿದ ಕಡೆಗೆ
ಕಾಫಿಯೂ ವಾಲಿ ನಿಂತಿತ್ತು.